ನಂದೀಶನ ಕಾರಿಗೊಂದು ಆಂಟೆನಾ

ಚಿಂತೆ ಮಾಡುವುದಕ್ಕೂ ಯೋಗ್ಯತೆ ಬೇಕು, ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದಿಳಿದು ಮನೆಗೆ ಬಂದು ನೋಡುವವರು ಬೇಕಾದಷ್ಟು ಜನ ಇದ್ದಾರೆ. ಆಫ್ ಆಗಿದ್ದನ್ನು ನೋಡಿ ಮತ್ತೆ ಬಸ್ಸು ಹತ್ತಿ, ಈಗ ಮುಟ್ಟಿ ನೋಡುವಾಗ ನಾನೇ ಆನ್ ಮಾಡಿಬಿಟ್ಟೆನೇನೋ ಎಂದು ಎರಡನೇ ಸಲ ಇಳಿಯುವವನು ರಾಮನಗರದಲ್ಲಿ ಬಹುಶಃ ನಾನೊಬ್ಬನೇ. ಇಂಥವನನ್ನು ಕರೆದು, ಹೆಂಡತಿಯ ತಮ್ಮ ಬದುಕಿದ್ದಾನೋ ಇಲ್ಲವೋ ಎಂದು ಕ್ಷಣಕ್ಷಣಕ್ಕೂ ನೋಡಿ ಹೇಳುವ ಕೆಲಸ ಒಪ್ಪಿಸಿದರು. ಕಾರಣವಿಷ್ಟೇ: ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ.

ಹೆಂಡತಿಯ ತಮ್ಮ ನಂದೀಶ ಕನಕಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಸಂಸಾರಸ್ಥ, ತಲೆಯಲ್ಲಿ ನಾಲ್ಕು ಬಿಳಿ ಕೂದಲೂ ಬಂದಿವೆ. ಆ ವಯಸ್ಸಿಗೆ ಉಳಿದವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇವನಿಗೆ ಮಣ್ಣಿನ ರಸ್ತೆಯಲ್ಲಿ ಕಾರು ರೇಸ್ ಮಾಡುವ ಹುಚ್ಚು ಬಂತು. ಹಳೆಯ ಕಾರೊಂದನ್ನು ಕೊಂಡು, ಸೀಟು ಕಿತ್ತು, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕಟ್ಟಿಸಿ, ಭಾರ ಇಳಿಸಲೆಂದು ಚಾವಣಿಯನ್ನೂ ತೆಗೆಸಿ ಫೈಬರ್‌ನದು ಕೂರಿಸಿದ. ಇಷ್ಟಾದ ಮೇಲೆ ಅಕ್ಕನಿಗೆ ಹೇಳಿದ. ಗಿರಿಜೆ ಕೂಗಾಡಲಿಲ್ಲ, ಅದೇ ನನಗೆ ಹೆದರಿಕೆ. ನನ್ನ ಮಾವನವರು ಕೋಡಿಹಳ್ಳಿ ರಸ್ತೆಯ ಒಂದು ತಿರುವಿನಲ್ಲಿ ಸ್ಕೂಟರ್ ಸಮೇತ ಹಳ್ಳಕ್ಕೆ ಬಿದ್ದು ಹೋದವರು. ನೆಂಟರ ಮನೆಯಲ್ಲಿ ಉಳಿದಿರಬೇಕು ಎಂದುಕೊಂಡು ಮನೆಯವರು ಹುಡುಕಲೇ ಇಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟವರು ನೋಡಿ ಹೇಳಿದಾಗಲೇ ಗೊತ್ತಾದದ್ದು. ಬಿದ್ದ ಕೂಡಲೇ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಬೇರೆ ಹೇಳಿದ್ದರು. ಹೇಳಬಾರದಿತ್ತು.

ಗಿರಿಜೆ ತಮ್ಮನಿಗೆ ಒಂದೇ ಷರತ್ತು ಹಾಕಿದಳು. "ಓಡಿಸ್ಕೊ, ನಾನ್ ಬ್ಯಾಡ ಅನ್ನಕಿಲ್ಲ. ಆದ್ರೆ ಎಲ್ಲಿದ್ದೀಯ, ಎಂಗಿದ್ದೀಯ ಅಂತ ನಂಗೆ ಗೊತ್ತಾಯ್ತಾನೇ ಇರ್ಬೇಕು. ಇಲ್ದಿದ್ರೆ ಕಾರ್ ಕೀ ನನ್ನತ್ರನೇ ಇರ್ತದೆ."

ಅದಕ್ಕೂ ದಾರಿ ಇತ್ತು. ರೇಸಿನವರು ಟೆಲಿಮೆಟ್ರಿ ಎನ್ನುತ್ತಾರೆ. ಕಾರಿನೊಳಗೆ ಸಿಮ್ ಹಾಕಿದ ಒಂದು ಡಬ್ಬಿ; ವೇಗ, ಇಂಜಿನ್ನಿನ ಸುತ್ತು, ಅದರ ಬಿಸಿ, ನಕ್ಷೆಯ ಮೇಲೊಂದು ಚುಕ್ಕಿಯಾಗಿ ಕಾರು ಇರುವ ಜಾಗ ಎಲ್ಲವನ್ನೂ ಮೊಬೈಲ್ ಟವರ್ ಮೂಲಕ ನಮ್ಮ ಲ್ಯಾಪ್‌ಟಾಪಿಗೆ ಕಳಿಸುತ್ತಿರುತ್ತದೆ. ಆದರೆ ಆ ಕಬ್ಬಿಣದ ಪಂಜರದೊಳಗೆ ಡಬ್ಬಿಗೆ ಉಸಿರು ಕಟ್ಟುತ್ತಿತ್ತು. ಹೊರಗೊಂದು ಆಂಟೆನಾ ಬೇಕೇ ಬೇಕು ಎಂದಾಯಿತು. "ಭಾವ, ಅದೇನೋ ಒಂದು ಕಡ್ಡಿ ಸಿಗಿಸ್ಬುಡಿ. ಅಕ್ಕನ್ನ ಒಪ್ಸೋದು ನಂಗಾಗಕಿಲ್ಲ," ಎಂದು ನಂದೀಶ ಹೊಣೆಯನ್ನು ನನ್ನ ಕೊರಳಿಗೆ ಕಟ್ಟಿದ.

ನಾನು ಕೊಂಡದ್ದು ಅಂಗಡಿಯಲ್ಲಿದ್ದುದರಲ್ಲೇ ಉದ್ದನೆಯದನ್ನು. ನಮ್ಮ ಪ್ರಾಯದವರ ತಲೆಯಲ್ಲಿ ಆಂಟೆನಾ ಎಂದರೆ ಇನ್ನೂ ತಾರಸಿಯ ಮೇಲಿನ ಟಿವಿ ಆಂಟೆನಾವೇ. ಚನ್ನಪಟ್ಟಣದ ನಮ್ಮ ಮನೆಯಲ್ಲಿ ಅದಕ್ಕೆ ಬಿದಿರಿನ ಗಳು ಸಾಲದೆ ಇನ್ನೊಂದು ಗಳು ಸೇರಿಸಿ ಕಟ್ಟಿ, ಅಪ್ಪ ಮೇಲೆ ನಿಂತು ಬೆಂಗಳೂರಿನ ಕಡೆಗೆ ತಿರುಗಿಸುತ್ತಾ "ಬಂತಾ?" ಎಂದು ಕೂಗುತ್ತಿದ್ದರು, ನಾವು ಕೆಳಗಿನಿಂದ "ಬಂತು, ಹೋಯ್ತು" ಎನ್ನುತ್ತಿದ್ದೆವು. ಎತ್ತರವಾದಷ್ಟೂ ಒಳ್ಳೆಯದು ಎಂಬುದು ಹೀಗೆ ರಕ್ತಕ್ಕೆ ಇಳಿದಿತ್ತು. ಕಾರಿನ ಹಿಂಭಾಗದಲ್ಲಿ ಬಾವುಟದ ಕೋಲಿನಂತೆ ಅದನ್ನು ನಿಲ್ಲಿಸಿಕೊಂಡು ಮರಳವಾಡಿಯ ಕಡೆ ಹೊಲದ ದಾರಿಯಲ್ಲಿ ಪರೀಕ್ಷೆಗೆ ಹೋದೆವು. ನಂದೀಶ ಓಡಿಸಿದ, ನಾನೂ ಗಿರಿಜೆಯೂ ಬದುವಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆವು. ಸಮತಟ್ಟಿನಲ್ಲಿ ಚೆನ್ನಾಗಿತ್ತು. ಬಂಡೆಯ ಮಗ್ಗುಲಿಗೆ ಕಾರು ವಾಲಿದ ಕೂಡಲೇ ತೆರೆಯ ಮೇಲೆ ವೇಗ ತೋರಿಸುವ ಗೆರೆ ಮಾಯ. ಪಕ್ಕದಲ್ಲಿ ಕುಳಿತ ಗಿರಿಜೆ ನನ್ನ ತೋಳು ಹಿಡಿದುಕೊಳ್ಳುತ್ತಿದ್ದಳು. ಸಿಗ್ನಲ್ ಹೋಗಿದೆ ಅಷ್ಟೆ, ಬರುತ್ತೆ ಎಂದು ನಾನು ಹೇಳುತ್ತಿದ್ದೆ. ಬರುತ್ತಲೂ ಇತ್ತು. ಒಂದು ಸಲ ಮಾತ್ರ ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ನಂದೀಶ ಯಾರದೋ ಬೇಲಿಯ ಪಕ್ಕ ಕಾರು ನಿಲ್ಲಿಸಿ ಸೀಬೆಹಣ್ಣು ತಿನ್ನುತ್ತಿದ್ದ. ಗಿರಿಜೆ ಕೀ ಕಿತ್ತು ಬ್ಯಾಗಿಗೆ ಹಾಕಿಕೊಂಡಳು.

ಮನೆಗೆ ಬಂದು ಯೋಚಿಸಿದಾಗ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಉದ್ದನೆಯ ಆಂಟೆನಾ ದೂರಕ್ಕೆ ಕೇಳಿಸಿಕೊಳ್ಳುತ್ತದೆ, ನಿಜ. ಆದರೆ ಅದರ ಕಿವಿ ದೋಸೆಯ ಹಾಗೆ, ಅಗಲ ಮತ್ತು ತೆಳು. ಕಾರು ವಾಲಿದರೆ ದೋಸೆಯೂ ವಾಲುತ್ತದೆ. ಒಂದು ಅಂಚು ಆಕಾಶಕ್ಕೆ, ಇನ್ನೊಂದು ನೆಲಕ್ಕೆ, ಟವರ್ ಮಾತ್ರ ಎರಡಕ್ಕೂ ಸಿಗದೆ ಹೊರಗೆ. ಗಿಡ್ಡ ಆಂಟೆನಾದ್ದು ಇಡ್ಲಿ. ಅಷ್ಟು ದೂರ ಹೋಗದು, ಆದರೆ ಹೇಗೆ ವಾಲಿಸಿದರೂ ಎಲ್ಲ ಕಡೆ ದಪ್ಪ. ಹೀಗೆ ಕುಣಿಯುವ ಕಾರಿಗೆ ಇಡ್ಲಿಯೇ ಸರಿ. ಈ ಚಿತ್ರವನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬಹಳ ಮುಖ್ಯ ಎಂದೂ ಹೇಳುತ್ತೇನೆ.

ಗಿಡ್ಡನೆಯದನ್ನು ತಂದೆ. ಅದರ ಬುಡದಲ್ಲಿ ಅಯಸ್ಕಾಂತವಿತ್ತು, ಚಾವಣಿ ಫೈಬರ್‌ನದು. ಇಟ್ಟ ಕೂಡಲೇ ಜಾರಿ ನನ್ನ ಕಾಲ ಮೇಲೆ ಬಿತ್ತು. ಅದನ್ನು ಬದಲಾಯಿಸಿ, ತೂತು ಕೊರೆದು ನಟ್ಟು ಬಿಗಿಯುವಂಥದ್ದನ್ನು ತಂದೆ. ಆಗ ಗೊತ್ತಾದದ್ದು, ಇದರ ಕೆಳಗೆ ಅಗಲವಾದ ಲೋಹ ಇಲ್ಲದಿದ್ದರೆ ಇದು ಅರ್ಧ ಕಿವುಡು ಎಂದು. ಗಿರಿಜೆ ಅಟ್ಟದಿಂದ ಒಂದು ದೊಡ್ಡ ಸ್ಟೀಲ್ ತಟ್ಟೆ ಇಳಿಸಿ ಕೊಟ್ಟಳು. ನಮ್ಮ ಮದುವೆಗೆ ಬಂದದ್ದು. ಅಂಚಿನಲ್ಲಿ ಅವಳ ಹೆಸರು, ನನ್ನ ಹೆಸರು, ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ಚಾವಣಿಯ ಒಳಮೈಗೆ ಅದನ್ನು ಬಿಗಿದೆವು. ಕಾರು ಮಗುಚಿದರೆ ಮೊದಲು ಜಜ್ಜಿಹೋಗುವುದು ನಮ್ಮ ಮದುವೆಯೇ ಎಂದು ತಮಾಷೆ ಮಾಡಲು ಹೋದೆ. ಯಾರೂ ನಗಲಿಲ್ಲ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆಂದು ಡಬ್ಬಿಯನ್ನೂ ತಟ್ಟೆಯ ಹತ್ತಿರಕ್ಕೇ ತಂದು ಕಟ್ಟಿದೆ. ಗಿರಿಜೆ ಆಂಟೆನಾಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದೇ ಹೊಲದ ದಾರಿಯಲ್ಲಿ ತಮ್ಮನ ಕೈಲಿ ಇನ್ನೊಮ್ಮೆ ಓಡಿಸಿ ನೋಡಿದಳು. ಗೆರೆ ಎಲ್ಲೂ ಕಡಿಯಲಿಲ್ಲ. ಕೀ ಕೊಟ್ಟಳು.

ರೇಸಿನ ದಿನ ಶಾಮಿಯಾನದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆವು. ಪಕ್ಕದ ಶಾಮಿಯಾನದಲ್ಲಿ ಅಕ್ಕೂರಿನ ಕಡೆಯ ಯಜಮಾನರೊಬ್ಬರು, ಅವರ ಮಗನ ಕಾರು ನಂದೀಶನಿಗಿಂತ ಮುಂಚೆ ಹೊರಟಿತ್ತು. ಅವರ ಬಳಿಯೂ ಇಂಥದೇ ತೆರೆ. ನಂದೀಶನ ಗೆರೆ ಏರಿತು, ಇಳಿಯಿತು; ಅವನ ಚುಕ್ಕಿ ದಾರಿಯಲ್ಲಿದ್ದ ಹಳ್ಳವೊಂದರ ತಿರುವಿಗೆ ಬಂತು. ವೇಗ ಸೊನ್ನೆಗೆ ಇಳಿಯಿತು. ಅಲ್ಲೇ ನಿಂತಿತು.

"ಸಿಗ್ನಲ್ ಹೋಯ್ತಾ?" ಎಂದಳು ಗಿರಿಜೆ.

ಹೂಂ ಎಂದೆ.

"ಸಿಗ್ನಲ್ ಕಡ್ಡಿ ಎಲ್ಲಾ ಐತಲ್ರೀ."

ಇತ್ತು. ಸಿಗ್ನಲ್ ಪೂರ್ತಿ ಇತ್ತು. ಗೆರೆ ಕಡಿದಿರಲಿಲ್ಲ, ಸೊನ್ನೆಯ ಮೇಲೆ ನೆಟ್ಟಗೆ ಹರಿಯುತ್ತಿತ್ತು. ಇಷ್ಟು ದಿನ ಒದ್ದಾಡಿ ನಾನು ಸಂಪಾದಿಸಿದ್ದು ಇದನ್ನು. ಅಷ್ಟರಲ್ಲಿ ಇಂಜಿನ್ ತಿರುಗುವುದು ನಿಂತಿತು. ಗುದ್ದಿದ ಹಾಗೆ ಅಲ್ಲ, ನಿಂತ ಕಾರನ್ನು ಯಾರೋ ಕೈಯಿಂದ ಆಫ್ ಮಾಡಿದ ಹಾಗೆ. ಕೀ ತಿರುಗಿಸಲು ಕೈ ಬೇಕು, ಕೈಗೆ ಜೀವ ಬೇಕು ಎಂದು ಗಿರಿಜೆಗೆ ಹೇಳಿದೆ. ಹಾಗಾದರೆ ಅವನು ರೇಸಿನ ನಡುವೆ ಕಾರು ನಿಲ್ಲಿಸಿ ಇಳಿದದ್ದು ಯಾಕೆ? ನಾನು ಪಕ್ಕದ ಶಾಮಿಯಾನದ ತೆರೆಯನ್ನು ನೋಡಿದೆ. ಅವರ ಕಾರಿನ ಚುಕ್ಕಿಯೂ ಅದೇ ತಿರುವಿನಲ್ಲಿತ್ತು, ನಮ್ಮದಕ್ಕಿಂತ ಎಷ್ಟೋ ಮೊದಲಿಂದ.

ಯಜಮಾನರು ಟೀ ಕುಡಿಯುತ್ತಿದ್ದರು. "ನಮ್ದೂ ಆಗ್ಲಿಂದ ಅಲ್ಲೇ ನಿಂತೈತೆ ಸಾ. ಆ ಹಳ್ಳದಲ್ಲಿ ಟವರ್ ಸಿಗಾಕಿಲ್ಲ, ಒಸಿ ಹೊತ್ತು ಬುಟ್ರೆ ಬತ್ತದೆ."

ಆ ಮಾತನ್ನು ಅವರ ಕೈಯಿಂದ ಕಿತ್ತುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. "ಯಜಮಾನ್ರೇ, ಅಲ್ಲಿ ಟವರ್ ಸಿಗ್ತದೆ," ಎಂದೆ.

ಅವರು ನನ್ನ ಮುಖ ನೋಡಿದರು. ಲೋಟ ಕೆಳಗಿಟ್ಟು ಎದ್ದರು. ಗಿರಿಜೆ ಅಷ್ಟರಲ್ಲಿ ಆಂಬುಲೆನ್ಸಿನ ಕಡೆ ಓಡುತ್ತಿದ್ದಳು. ಹೋಗಿ ನೋಡಿದರೆ ಯಜಮಾನರ ಮಗ ಮಗುಚಿದ ಕಾರಿನಲ್ಲಿ ಬೆಲ್ಟಿಗೆ ನೇತುಬಿದ್ದಿದ್ದ. ನಂದೀಶ ಅವನ ತಲೆ ಎತ್ತಿ ಹಿಡಿದುಕೊಂಡು ಕುಳಿತಿದ್ದ. ಹುಡುಗನ ಜೀವ ಉಳಿಯಿತು. ಒಂದು ಕಾಲು ಮೊದಲಿನಂತಾಗುವುದಿಲ್ಲವಂತೆ.

ಆಮೇಲೆ ಯಜಮಾನರು ಫೋನ್ ಮಾಡಿದ್ದರು. ಮಗ ಮತ್ತೆ ಓಡಿಸುತ್ತಾನಂತೆ, ಬೇಡವೆಂದರೂ ಕೇಳುತ್ತಿಲ್ಲವಂತೆ. ಯಾವ ಆಂಟೆನಾ ಹಾಕಿಸಲಿ ಎಂದು ಕೇಳಿದರು. ಗಿಡ್ಡನೆಯದು, ಕೆಳಗೆ ಲೋಹ, ಕೇಬಲ್ ಚಿಕ್ಕದಿರಲಿ ಎಂದು ಎಲ್ಲ ಹೇಳಿದೆ. ಹಾಕಿಸಿದ ಮೇಲೆ ಕುಳಿತು ಟೀ ಕುಡಿಯಲಾಗುವುದಿಲ್ಲ ಎಂಬುದನ್ನು ಹೇಳಲಿಲ್ಲ. ಅವರಿಗೇನು ನಾನು ಹೇಳುವುದು.

ನಿನ್ನೆ ಕನಕಪುರದಲ್ಲಿ ನಂದೀಶನ ಮುಂದಿನ ರೇಸಿಗೆ ಕಾರು ತಯಾರಾಗುತ್ತಿತ್ತು. ಆಂಟೆನಾದ ನಟ್ಟು ಪರೀಕ್ಷಿಸಲು ಸ್ಪ್ಯಾನರ್ ಹಿಡಿದು ಒಬ್ಬನೇ ಹೋದೆ. ಅರ್ಧ ಸುತ್ತು ಸಡಿಲಿಸಿದರೆ ಸಾಕು, ಹಳ್ಳದಲ್ಲಿ ಗೆರೆ ಕಡಿಯುತ್ತದೆ, ಸಿಗ್ನಲ್ ಹೋಗಿದೆ ಅಷ್ಟೆ ಎಂದುಕೊಂಡು ನಾನೂ ನಾಲ್ಕು ಜನರಂತೆ ನೆಮ್ಮದಿಯಾಗಿ ಕೂರಬಹುದು. ಕೊನೆಗೆ ಬಿಗಿ ಮಾಡಿಯೇ ಬಂದೆ. ಆದರೆ ಮನೆಗೆ ಬಂದಾಗಿನಿಂದ, ಬಲಕ್ಕೆ ತಿರುಗಿಸಿದೆನೋ ಎಡಕ್ಕೋ ಎಂಬುದೇ ನೆನಪಾಗುತ್ತಿಲ್ಲ. ಕನಕಪುರದ ಬಸ್ಸಿಗೆ ಹೊರಟಿದ್ದೇನೆ.