ತೆರೆಯದ ಆಹ್ವಾನಪತ್ರಿಕೆ

ವಾದದಲ್ಲಿ ನಾನು ಸೋತದ್ದು ಕಡಿಮೆ. ಗೆದ್ದು ಊಟ ತಪ್ಪಿಸಿಕೊಂಡದ್ದೇ ಹೆಚ್ಚು. ಬೇಲೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಮೇಷ್ಟ್ರಾದ್ದರಿಂದ, ಈ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲವೆಂಬ ಧೈರ್ಯ ಬೇರೆ. ಬೀದಿಯಲ್ಲಿರುವುದು ಒಂಬತ್ತೇ ಮನೆ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಕಾರ್ಡ್ ಅಚ್ಚು ಹಾಕಿಸುವ ಬದಲು ಚಲಿಸುವ ಆಹ್ವಾನಪತ್ರಿಕೆಯನ್ನೇ ತಯಾರಿಸಿದೆ. ಕಂಪ್ಯೂಟರಿನಲ್ಲಿ ತೆರೆದರೆ ತೋರಣ ತೂಗಾಡುತ್ತಿತ್ತು, ಓಲಗ ಮೊಳಗುತ್ತಿತ್ತು, ಜೋಡಿ ಬಾಗಿಲು ತೆರೆದು ನಾನೂ ನನ್ನ ಹೆಂಡತಿ ಗಿರಿಜೆಯೂ ಕೈಮುಗಿಯುತ್ತಿದ್ದೆವು. ಅದರ ಲಿಂಕನ್ನು ಎಲ್ಲರ ಮೊಬೈಲಿಗೂ ಕಳಿಸಿದೆ. ಮೊಬೈಲಿನಲ್ಲಿ ಇಂಥದ್ದು ಓಡಬೇಕಾದರೆ ಪ್ಲಗಿನ್ ಎಂಬ ಪುಟ್ಟ ಸಹಾಯಕ ತಂತ್ರಾಂಶ ಬೇಕು, ಇಲ್ಲದಿದ್ದರೆ ಕಾಣುವುದು ಬರೀ ಖಾಲಿ ಚೌಕ. ಅದು ಫೋನಿಗೆ ಬೇಕೇ ಬೇಕೆಂದು ಕೆಲವರು, ಬ್ಯಾಟರಿ ತಿನ್ನುವ ಪೀಡೆಯೆಂದು ಕೆಲವರು ಲೋಕವೆಲ್ಲ ಜಗಳವಾಡುತ್ತಿದ್ದ ಕಾಲ ಅದು. ನಾನು ಬೇಕೆನ್ನುವ ಪಕ್ಷ.

ಕಣಕಟ್ಟೆಯಲ್ಲಿ ತೆಂಗಿನ ತೋಟವಿರುವ ಗಿರಿಜೆಯ ಅಣ್ಣ ಶಿವಣ್ಣ ಆಗಷ್ಟೇ ದುಬಾರಿ ಫೋನ್ ಕೊಂಡಿದ್ದರು. ಎರಡು ದಿನವಾದರೂ ಸುದ್ದಿಯಿಲ್ಲ. ಗಿರಿಜೆಯೇ ಕೇಳಿದಾಗ, "ನಿಮ್ ಯಜಮಾನ್ರು ಖಾಲಿ ಡಬ್ಬ ಕಳ್ಸವ್ರೆ. ಕರ್ಯೋಕೆ ಇಷ್ಟ ಇಲ್ದಿದ್ರೆ ಸುಮ್ನಿರ್ಬೋದಿತ್ತು" ಎಂದರಂತೆ. ಫೋನಿಟ್ಟು ನನ್ನತ್ತ ತಿರುಗಿ, "ಅಣ್ಣ ಬರ್ದೆ ನಾನು ಹಾಲುಕ್ಕಿಸೋದಿಲ್ಲ ಕಣ್ರೀ" ಎಂದಳು. ದನಿ ಏರಿಸಿರಲಿಲ್ಲ, ಅದೇ ಭಯ.

ಭಾನುವಾರ ಬಸ್ಸು ಹತ್ತಿ ಕಣಕಟ್ಟೆಗೆ ಹೋದೆವು. ಹೋದವನು ತಪ್ಪಾಯಿತೆನ್ನಬೇಕಿತ್ತು. ನಾನು ವಿವರಣೆ ಕೊಟ್ಟೆ.

"ಭಾವ, ತಪ್ಪು ನಿಮ್ಮ ಫೋನಿಂದು. ಅದ್ರಲ್ಲಿ ಪ್ಲಗಿನ್ ಇಲ್ಲ."

"ಇಷ್ಟು ಬೆಲೆ ಫೋನಲ್ಲಿ ಇಲ್ಲ ಅಂದ್ರೆ ಅದು ಬೇಡದ್ದೇ ಇರ್ಬೇಕು ಮೇಷ್ಟ್ರೇ. ಎಲ್ರ ಕೈಲೂ ತೆರ್ಯೋ ಹಂಗೆ ಕಳ್ಸೋದು ಕರೆಯೋರ ಕೆಲ್ಸ ಅಲ್ವಾ?"

ಎದುರು ಪಕ್ಷದ ಪಂಡಿತರು ಪುಟಗಟ್ಟಲೆ ಬರೆದದ್ದನ್ನು ಶಿವಣ್ಣ ಎಲೆಯಡಿಕೆ ಹಾಕಿಕೊಳ್ಳುತ್ತಾ ಹೇಳಿಬಿಟ್ಟರು. ಅರ್ಧ ಗಂಟೆ ವಾದಿಸಿದೆ. ಕಾಫಿ ಆರಿತು. ಕೊನೆಗೆ ಅವರು, "ಆಯ್ತು, ನಿಮ್ ಫೋನಲ್ಲೇ ತೋರ್ಸಿ" ಎಂದರು. ನನ್ನದು ಗುಂಡಿ ಒತ್ತುವ ಹಳೇ ಫೋನು. ಅದರಲ್ಲಿ ಗಂಟೆ ಎಷ್ಟೆಂದು ತಿಳಿಯುವುದೇ ಹೆಚ್ಚು.

"ಬಾಯಲ್ಲಾದ್ರೂ ಹೇಳ್ರೀ," ಎಂದಳು ಗಿರಿಜೆ.

ಬೇರೆ ದಾರಿಯಿರಲಿಲ್ಲ. ಜಗಲಿಯ ಮೇಲೆ ನಿಂತು ಎರಡು ಅಂಗೈಗಳನ್ನು ಬಾಗಿಲಿನಂತೆ ಜೋಡಿಸಿದೆ. ಬಾಯಲ್ಲೇ ಓಲಗ ಊದುತ್ತಾ ಬಾಗಿಲು ತೆರೆದೆ. ಗಿರಿಜೆ ಪಕ್ಕಕ್ಕೆ ಬಂದು ಕೈಮುಗಿದಳು. ಅಕ್ಕಪಕ್ಕದವರು ಬೇಲಿಗೆ ಒರಗಿ ನೋಡುತ್ತಿದ್ದರು. ಶಿವಣ್ಣನವರ ಮೀಸೆ ಅಲುಗಿತು.

"ಹಿಂಗೆ ಬಂದು ಕರದ್ರೆ ಬತ್ತೀವಪ್ಪ. ನಡೀರಿ, ಊಟಕ್ಕೆ."

ಗೃಹಪ್ರವೇಶಕ್ಕೆ ಎಲ್ಲರಿಗಿಂತ ಮೊದಲೇ ಬಂದರು. ಅಣ್ಣನ ಎದುರಿಗೇ ಗಿರಿಜೆ ಹಾಲುಕ್ಕಿಸಿದಳು. ಊಟವಾದ ಮೇಲೆ ನಾನು ಬಿಡಲಿಲ್ಲ. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಮೂರು ವಾರದ ನನ್ನ ಶ್ರಮವನ್ನು ಮೊದಲಿನಿಂದ ಕೊನೆಯವರೆಗೂ ತೋರಿಸಿದೆ. ಗಮನವಿಟ್ಟು ನೋಡಿ, "ಪರ್ವಾಗಿಲ್ಲ. ಓಲಗ ಮಾತ್ರ ನೀವು ಊದಿದ್ದೇ ಚೆನ್ನಾಗಿತ್ತು" ಎಂದರು.

ವಾದದಲ್ಲಿ ನಾನೇ ಸರಿ ಎಂದು ಈಗಲೂ ನಂಬಿದ್ದೇನೆ. ನೆಂಟರು ಮಾತ್ರ ನಾಮಕರಣಕ್ಕೋ ನಿಶ್ಚಿತಾರ್ಥಕ್ಕೋ ಹೋದಲ್ಲೆಲ್ಲ ಊಟದ ನಂತರ ನನ್ನನ್ನು ಎದ್ದು ನಿಲ್ಲಿಸಿ ಓಲಗ ಊದಿಸುತ್ತಾರೆ. ಕಂಪ್ಯೂಟರ್ ಕೆಟ್ಟರೆ ಬೇರೆ ಯಾರನ್ನೋ ಕರೆಯುತ್ತಾರೆ.