ಹುಲಿಯ ಹಿಂದೆ ಅತ್ತೆ

“ಇನ್ಮೇಲೆ ನನ್ನ ಚಿತ್ರಗಳು ಗೋಡೆ ಮೇಲೆ ನೇತಾಡೋದಿಲ್ಲ ಕಣೆ, ಬೀದಿಯಲ್ಲಿ ಓಡಾಡ್ತಾವೆ!” ಎಂದು ನ್ಯಾಮತಿಯ ಪೇಂಟರ್ ಕಲ್ಲೇಶಪ್ಪ ಘೋಷಿಸಿದಾಗ ಅವನ ಹೆಂಡತಿ ಸರ್ವಮಂಗಳ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

“ಓಡಾಡ್ಲಿ ಬಿಡ್ರಿ. ಮೊದ್ಲು ನಮ್ಮವ್ವಂದೊಂದು ಚಿತ್ರ ಬರ್ಕೊಡ್ರಿ. ಅವ್ವ ಹೋದಾಗಿಂದ ಬರೀತೀನಿ, ಬರೀತೀನಿ ಅಂತಾನೇ ಇದೀರಿ.”

“ಅದು ಆಯಿಲ್ ಪೇಂಟಿಂಗು! ಅದಕ್ಕೆ ಮನಸ್ಸು ಕೂಡಿ ಬರಬೇಕು.”

ಅತ್ತೆ ಕೊಟ್ರಮ್ಮನ ವಿಷಯದಲ್ಲಿ ಅವನ ಮನಸ್ಸು ಕೂಡಿ ಬರುವುದು ಕಷ್ಟವೇ ಇತ್ತು. ಬದುಕಿದ್ದಾಗ ಆಕೆ ಅಳಿಯ ಬಾಯಿ ತೆರೆದರೆ ಸಾಕು, ಒಂದೂ ಮಾತಾಡದೆ ಎಡಕ್ಕೂ ಬಲಕ್ಕೂ ತಲೆ ಆಡಿಸುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು!

ಎಂಬತ್ತರ ದಶಕದ ಮೊದಲ ವರ್ಷಗಳವು. ದಾವಣಗೆರೆಯ ಕಾಲೇಜು ಹುಡುಗರು ಎದೆಯ ಮೇಲೆ ಚಿತ್ರವಿದ್ದ ಬನಿಯನ್ ತೊಟ್ಟು ತಿರುಗುವುದನ್ನು ಕಂಡು ಬಂದಾಗಿನಿಂದ ಕಲ್ಲೇಶಪ್ಪನಿಗೆ ಅಂಗಡಿಯ ಬೋರ್ಡು ಬರೆಯುವುದು ತೀರಾ ಸಣ್ಣ ಕೆಲಸವಾಗಿ ಕಾಣತೊಡಗಿತ್ತು. ಗೋವಿನಕೋವಿ ಕಬಡ್ಡಿ ತಂಡದ ಕ್ಯಾಪ್ಟನ್ ಓಬಣ್ಣನನ್ನು ಹಿಡಿದು, “ನಿಮ್ಮ ಎದೆ ಮೇಲೆ ಹುಲಿ ಕೂರಿಸ್ತೀನಿ, ಎದುರಾಳಿ ಉಚ್ಚೆ ಹುಯ್ಕಬೇಕು!” ಎಂದು ಒಪ್ಪಿಸಿಬಿಟ್ಟ.

ಮರದ ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಸ್ಕ್ರೀನು ಮನೆಯಲ್ಲೇ ಇತ್ತು. ಅದರ ಮೇಲೆ ಚಿತ್ರ ಮೂಡಿಸಿ, ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಕೆಳಗಿನ ಅಂಗಿಗೆ ಅಚ್ಚು ಬೀಳುತ್ತದೆ. ಮೊದಲು ತೆಳ್ಳಗೆ ಹಳದಿ ಎಳೆದ. ಅದರ ಮೇಲೆ ಕಪ್ಪು ಪಟ್ಟೆ, ಕೆಂಪು ನಾಲಿಗೆ. ಹುಲಿ ಘರ್ಜಿಸಿತು! ಅಂಗಿಗಳನ್ನೆಲ್ಲ ಹಿತ್ತಲ ಹಗ್ಗಕ್ಕೆ ಸಾಲಾಗಿ ಹಾಕಿ, ಒಳಗೆ ಬಂದು ಮುದ್ದೆ ಮುರಿದ.

ನೆತ್ತಿ ಸುಡುವ ಮಧ್ಯಾಹ್ನ. ಎಲೆಯೂ ಅಲುಗುತ್ತಿರಲಿಲ್ಲ. ಹಿತ್ತಲಿಗೆ ನೀರು ತರಲು ಹೋದ ಸರ್ವಮಂಗಳ ಕೊಡ ಅಲ್ಲೇ ಬಿಟ್ಟು ಬಂದಳು.

“ರೀ... ಅವ್ವ ಬಂದಾಳೆ.”

“ಎಲ್ಲಿ?”

“ಹಗ್ಗದ ಮ್ಯಾಲೆ.”

ಕಲ್ಲೇಶಪ್ಪ ನಗುತ್ತಲೇ ಹೋದ. ಹತ್ತಿರ ನಿಂತು ನೋಡಿದರೆ ಬರೀ ಹುಲಿ. “ಏನೂ ಇಲ್ಲ ಕಣೆ!” ಎನ್ನುತ್ತ ಹಿಂದೆ ಸರಿದ. ಬಾಗಿಲ ಬಳಿ ಬರುವಷ್ಟರಲ್ಲಿ ಹುಲಿಯ ಪಟ್ಟೆಗಳ ಹಿಂದಿನಿಂದ ಒಂದು ಮುಖ ಮುಂದೆ ಬಂತು. ಸೆರಗು ಹೊದ್ದ ತಲೆ, ಅಗಲ ವಿಭೂತಿ, ಅವೇ ಕಣ್ಣು. ಒಂದು ಅಂಗಿಯಲ್ಲಲ್ಲ, ಸಾಲಿಗೆ ಸಾಲೇ ಕೊಟ್ರಮ್ಮ! ಎಲ್ಲಿಂದಲೋ ಸಣ್ಣ ಗಾಳಿ ಬೀಸಿತು. ಅತ್ತೆಯರೆಲ್ಲ ಒಟ್ಟಿಗೆ ಎಡಕ್ಕೂ ಬಲಕ್ಕೂ ತಲೆ ಆಡಿಸಿದರು.

ಕಲ್ಲೇಶಪ್ಪ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ನೆನಪಾಯಿತು. ಅತ್ತೆ ತೀರಿಕೊಂಡಾಗ ಶಿವಗಣಾರಾಧನೆಯ ಕಾರ್ಡಿಗೆ ಆಕೆಯ ಮುಖವನ್ನು ಅಚ್ಚು ಹಾಕಿದ್ದು ಇದೇ ಸ್ಕ್ರೀನಿನಲ್ಲಿ!

“ಗಾಬ್ರಿಯಾಗಬ್ಯಾಡ. ನಾನು ಸರಿಯಾಗಿ ತೊಳ್ದಿಲ್ಲ, ಅಷ್ಟೇಯ. ಹಳೇ ಚಿತ್ರದ ಜಿಡ್ಡು ಎಳೆಯಾಗೆ ಉಳ್ಕಂಡೈತೆ.”

ಸರ್ವಮಂಗಳ ಅಂಗಿಯಿಂದ ಕಣ್ಣು ಕೀಳಲಿಲ್ಲ. “ಕಾರ್ಡಿನಾಗೆ ಅವ್ವ ತುಟಿ ಬಿಗ್ಕಂಡಿತ್ತು. ಇಲ್ಲಿ ನಗ್ತಾ ಐತಲ್ರೀ?”

ಕಲ್ಲೇಶಪ್ಪ ಹಗ್ಗದಿಂದ ಅಂಗಿಗಳನ್ನು ಎಳೆದುಕೊಳ್ಳತೊಡಗಿದ. ಅವನ್ನು ಅಡಗಿಸೋಣವೆಂದರೆ ಅಷ್ಟರಲ್ಲಿ ಓಬಣ್ಣ ಬಂದು, ಹತ್ತಿರದಿಂದ ನೋಡಿ, “ಆಹಾ, ಹುಲಿ!” ಎಂದು ಗಂಟು ಕಟ್ಟಿಕೊಂಡು ಹೋದ.

ಪಂದ್ಯ ಮುಗಿದ ಮಾರನೇ ದಿನವೇ ಗಂಟು ವಾಪಸು ಬಂತು.

“ಸೋತ್ರೇನಪ್ಪ?”

“ಗೆದ್ವಿ ಕಣ್ರೀ! ಕಬಡ್ಡಿ ಕಬಡ್ಡಿ ಅಂತ ಒಳಗೆ ಹೋದ್ರೆ ಅವರು ಹಿಡಿಯಾಕೇ ಬರ್ಲಿಲ್ಲ. ದೂರ ನಿಂತು ಕೈ ಮುಗುದ್ರು.” ಓಬಣ್ಣ ದನಿ ತಗ್ಗಿಸಿದ. “ಅಂಗಿ ಬಿಚ್ಚಿದ ಮ್ಯಾಲೂ ಎದೆ ಮ್ಯಾಲೆ ಯಾರೋ ಕೂತಂಗೆ ಆಗ್ತೈತೆ. ನಮಗೆ ಬ್ಯಾಡ ಸಾವ್ಕಾರ್ರೆ.”

ಸರ್ವಮಂಗಳಳ ಅಂಜಿಕೆ ಅಷ್ಟರಲ್ಲಿ ಸಿಟ್ಟಾಗಿತ್ತು. “ಬರೀತೀನಿ ಅಂತ ಮುಂದಕ್ಕೆ ಹಾಕಿದ್ರಿ. ಕಾದು ಕಾದು ಅವ್ವ ತಾನೇ ಬಂದ್ಲು. ಇನ್ನೂ ಏನು ನೋಡಬೇಕು ನಿಮಗೆ?”

ಕಲ್ಲೇಶಪ್ಪ ಅಂದೇ ಕ್ಯಾನ್ವಾಸ್ ಬಿಗಿದ. ಬೋರ್ಡಿನ ಕೆಲಸಗಳನ್ನೆಲ್ಲ ಬದಿಗಿಟ್ಟು, ಗಡ್ಡ ಬಿಟ್ಟು, ಸೀರೆಯ ಅಂಚಿನ ಒಂದೊಂದು ಎಳೆಯನ್ನೂ ತಿದ್ದಿದ. ಬರೆಯುವಾಗ ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಗುತ್ತಿತ್ತು; ತಿರುಗಿದರೆ ಗೋಡೆಗೆ ಹೆಂಡತಿ ನೇತು ಹಾಕಿದ್ದ ಹುಲಿ ಅಂಗಿ. ಆದರೂ ಚಿತ್ರ ಮುಗಿದಾಗ ಅವನಿಗೇ ಕಣ್ಣು ತುಂಬಿ ಬಂತು. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಬರೆದೇ ಇರಲಿಲ್ಲ!

ಹೊನ್ನಾಳಿಯಿಂದ ಮಾವ ಮಹೇಶ್ವರಪ್ಪನವರು ಬಸ್ಸಿಳಿದು ಬಂದರು. ನಡುಮನೆಗೆ ಕಾಲಿಟ್ಟವರೇ ನಿಂತುಬಿಟ್ಟರು. ಗೋಡೆಯ ಅಂಗಿಯನ್ನು ದಿಟ್ಟಿಸುತ್ತ, ಮೆಲ್ಲಗೆ, “ಕೊಟ್ರೀ... ಇಲ್ಲೇ ಇದೀಯೇನೇ?” ಎಂದರು. ಸರ್ವಮಂಗಳ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕಲ್ಲೇಶಪ್ಪ ಗಂಟಲು ಸರಿಮಾಡಿಕೊಂಡು, ಪೇಂಟಿಂಗಿನ ಮೇಲಿನ ಬಟ್ಟೆಯನ್ನು ಸರ್ರನೆ ಎಳೆದ.

ಮಾವ ಕನ್ನಡಕ ಹಾಕಿಕೊಂಡರು. ಹತ್ತಿರದಿಂದ ನೋಡಿದರು. ದೂರ ಸರಿದು ನೋಡಿದರು. ಅಳಿಯನ ಮನಸ್ಸು ನೋಯಬಾರದೆಂದು ತುಂಬ ಮರ್ಯಾದೆಯಿಂದ ಕೇಳಿದರು:

“ಭಾಳ ಚೆನ್ನಾಗೈತೆ ಅಳಿಯಂದ್ರೆ! ಯಾರು ಈಯಮ್ಮ, ನಿಮ್ಮ ಕಡೇರಾ?”