ಜನರಲ್ ಬಗ್ಗೆ ನಾಲ್ಕು ಊರಿನ ಅಭಿಪ್ರಾಯ

ಸಿನಿಮಾ ತೋರಿಸುವುದು ಕಷ್ಟದ ಕೆಲಸವಲ್ಲ. ಕಿಟಕಿ ಮುಚ್ಚಿ, ಪರದೆ ಕಟ್ಟಿ, ಗುಂಡಿ ಒತ್ತಿದರೆ ಅದರ ಪಾಡಿಗೆ ಅದು ಓಡುತ್ತದೆ. ಆಮೇಲೆ ದೀಪ ಹಾಕಿ "ಹೇಗಿತ್ತು, ನಾಲ್ಕು ಮಾತು ಬರೆದುಕೊಡಿ" ಎಂದು ಕೇಳುತ್ತೇವಲ್ಲ, ಎಡವಟ್ಟು ಶುರುವಾಗುವುದು ಅಲ್ಲಿಂದ. ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಒಂದು ಸಲವೂ ಅದು ನೆಟ್ಟಗೆ ಮುಗಿದಿಲ್ಲ.

ನನ್ನದು ಸರ್ಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆ ನೌಕರಿ. ಹನ್ನೊಂದು ತಿಂಗಳಿಗೆ ಮುಗಿಯುತ್ತದೆ, ಮೇಲಿನವರು ಮನಸ್ಸು ಮಾಡಿದರೆ ಮತ್ತೆ ಹನ್ನೊಂದು ತಿಂಗಳು. ಹತ್ತನೇ ತಿಂಗಳು ಬಂತೆಂದರೆ ನನಗೆ ಅನ್ನ ಸೇರುವುದಿಲ್ಲ. ಕಳೆದ ವರ್ಷ ಸರಿಯಾಗಿ ಆ ಹತ್ತನೇ ತಿಂಗಳಲ್ಲೇ ನಮ್ಮ ಕಚೇರಿಯ ಮೇಡಂ ಕರೆದು ಒಂದು ಪೆನ್‌ಡ್ರೈವ್ ಕೈಗಿಟ್ಟರು. ಪರದೇಶದ ಹಳೆಯ ಕಪ್ಪು ಬಿಳುಪು ಯುದ್ಧದ ಸಿನಿಮಾ, ಹೆಸರಾಂತ ಜನರಲ್ ಒಬ್ಬನ ಕಥೆ, ಕೆಳಗೆ ಕನ್ನಡದಲ್ಲಿ ಸಾಲುಗಳು ಬರುತ್ತವೆ.

"ನಾಲ್ಕು ತಾಲೂಕಲ್ಲಿ ತೋರಿಸಿ, ಪ್ರೇಕ್ಷಕರ ಅಭಿಪ್ರಾಯ ಬರೆಸ್ಕೊಂಡು ಬನ್ನಿ. ಬೆಂಗಳೂರಿನ ಸಾಹೇಬರೊಬ್ಬರು ಕೂತು ಓದ್ತಾರೆ. ಜನಕ್ಕೆ ಇಂಥ ಸಿನಿಮಾ ಬೇಕು ಅಂತ ಅವರಿಗೆ ಅನ್ನಿಸಿದ್ರೆ ನಿಮ್ಮ ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ" ಎಂದರು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಆಗುತ್ತೆ ಬಿಡೆ" ಎಂದರು. ಮದುವೆಯಾದಾಗಿನಿಂದ ಅವರು ನನಗೆ ಹೇಳಿರುವ ಸಮಾಧಾನ ಅದೊಂದೇ. ಸಿನಿಮಾವನ್ನು ಒಬ್ಬಳೇ ಕೂತು ನೋಡಿದೆ. ಮೂರು ಗಂಟೆಯದು. ಜನರಲ್ ದೊಡ್ಡ ಸೈನ್ಯ ಕಟ್ಟಿಕೊಂಡು ಹೊರಡುತ್ತಾನೆ, ಒಂದೇ ದಿನದಲ್ಲಿ ಹೊಳೆಗೆ ಸೇತುವೆ ಹಾಕುತ್ತಾನೆ, ಗುಡ್ಡದ ಮೇಲಿನ ಕೋಟೆಯೊಂದನ್ನು ಆರು ತಿಂಗಳು ಮುತ್ತಿ ಗೆಲ್ಲುತ್ತಾನೆ, ಕೊನೆಗೆ ಜ್ವರ ಬಂದು ಡೇರೆಯಲ್ಲಿ ಸಾಯುತ್ತಾನೆ. ನನಗೆ ಅಳು ಬಂತು. ಅವನಿಗಾಗಿ ಬಂತೋ ನನಗಾಗಿ ಬಂತೋ ಹೇಳಲಾರೆ.

ಹೊಳಲ್ಕೆರೆ: ಒಂದು ಸೇಬು

ಮೊದಲ ಪ್ರದರ್ಶನ ಹೊಳಲ್ಕೆರೆಯಲ್ಲಿ. ಮಾಜಿ ಸೈನಿಕರೊಬ್ಬರು ಎದೆಗೆ ಪದಕ ಸಿಕ್ಕಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ನನಗೆ ಹೋದ ಜೀವ ಬಂದಂತಾಯಿತು. ಯುದ್ಧ ಕಂಡವರು ಒಬ್ಬರು ಒಳ್ಳೆಯ ಮಾತು ಬರೆದರೆ ಸಾಕಲ್ಲ. ಅವರ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದುಕೊಟ್ಟೆ, ನೀರಿನ ಬಾಟಲಿ ತಂದಿಟ್ಟೆ.

ಮೂರು ಗಂಟೆ ಅವರು ಅಲ್ಲಾಡಲಿಲ್ಲ. ನಡುನಡುವೆ ಒಂದು ಪುಟ್ಟ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಮುಗಿದ ಮೇಲೆ ನಾಲ್ಕು ಹಾಳೆ ಕೇಳಿ ಪಡೆದು ಎರಡೂ ಬದಿ ತುಂಬಿಸಿ ಕೊಟ್ಟರು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತು ಓದಿದೆ.

"ಈ ಸಿನಿಮಾದಲ್ಲಿ ಅಡುಗೆಯವರನ್ನು ಒಂದು ಸಲವೂ ತೋರಿಸಿಲ್ಲ. ಅಷ್ಟು ದೊಡ್ಡ ಸೈನ್ಯಕ್ಕೆ ಬೆಳಿಗ್ಗೆ ಚಹಾ ಕಾಯಿಸಿದವರು ಯಾರು? ಹೊಳೆ ದಾಟುವಾಗ ಫಿರಂಗಿ ಹೋದವು, ಕುದುರೆ ಹೋದವು, ಒಂದು ಕಡಾಯಿ ಹೋದದ್ದು ನಾನು ಕಾಣಲಿಲ್ಲ. ಜನರಲ್ ಸಾಹೇಬರು ಮೂರು ಗಂಟೆಯಲ್ಲಿ ತಿಂದದ್ದು ಒಂದು ಸೇಬು." ಕೊನೆಯ ಹಾಳೆಯಲ್ಲಿ ಆ ಸೈನ್ಯಕ್ಕೆ ದಿನಕ್ಕೆ ಎಷ್ಟು ಮೂಟೆ ಆಲೂಗಡ್ಡೆ ಬೇಕಾಗುತ್ತಿತ್ತು ಎಂಬ ಪಟ್ಟಿ ಇತ್ತು. ವಿಚಾರಿಸಿದರೆ, ಅವರು ಸೈನ್ಯದಲ್ಲಿ ಇಪ್ಪತ್ತು ವರ್ಷ ಅಡುಗೆಮನೆಯಲ್ಲಿದ್ದವರು.

ಗೇಟಿನ ತನಕ ಅವರ ಹಿಂದೆ ಓಡಿದೆ. "ಸಾರ್, ಜನರಲ್ ಬಗ್ಗೆ ಒಂದೇ ಒಂದು ಮಾತು ಸೇರಿಸಿ ಕೊಡಿ" ಎಂದು ಬೇಡಿಕೊಂಡೆ. ಅವರು ಪಾಪ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಕೆಳಗೆ ಒಂದು ಸಾಲು ಬರೆದರು. "ಜನರಲ್ ಸತ್ತದ್ದು ಜ್ವರದಿಂದ ಅಲ್ಲ, ಹಸಿವಿನಿಂದ."

ಚಿತ್ರದುರ್ಗ: ಕೋಟೆಯ ಕಡೆಯವರು

ದುರ್ಗದಲ್ಲಿ ನಾನು ಎಚ್ಚರಿಕೆ ವಹಿಸಿದೆ. ಸಿನಿಮಾ ಶುರುವಾಗುವ ಮುಂಚೆಯೇ ಮೈಕ್ ಹಿಡಿದು, "ದಯವಿಟ್ಟು ಊಟ ತಿಂಡಿಯ ವಿಚಾರ ಬಿಟ್ಟು ಯುದ್ಧದ ಬಗ್ಗೆ ಬರೆಯಿರಿ" ಎಂದೆ. ಅದು ದೊಡ್ಡ ತಪ್ಪಾಯಿತು. ಯುದ್ಧದ ಬಗ್ಗೆ ದುರ್ಗದವರನ್ನು ಕೇಳಬಾರದು.

ದುರ್ಗ ನನ್ನದೇ ಊರು. ನಮ್ಮವರು ಮನೆಗೆ ನೆಂಟರು ಬಂದಾಗಲೆಲ್ಲ ಬೆಟ್ಟ ಹತ್ತಿಸಿ, ಕಿಂಡಿಯ ಮುಂದೆ ನಿಲ್ಲಿಸಿ, ಕಾವಲುಗಾರ ಊಟಕ್ಕೆ ಹೋದದ್ದು, ಶತ್ರುಗಳು ನುಸುಳಿ ಬಂದದ್ದು, ಅವನ ಹೆಂಡತಿ ಒನಕೆ ಹಿಡಿದು ನಿಂತದ್ದು ಎಲ್ಲವನ್ನೂ ಹೇಳಿಯೇ ಕೆಳಗಿಳಿಸುತ್ತಾರೆ. ಪರದೆಯ ಮೇಲೆ ಕೋಟೆ ಕಾಣಿಸಿದ್ದೇ ತಡ, ಇಡೀ ಸಭಾಂಗಣ ಕೋಟೆಯೊಳಗಿನವರ ಕಡೆಗೆ ಸೇರಿಕೊಂಡಿತು. ಸಿನಿಮಾದ ನಾಯಕ ಹೊರಗೆ ನಿಂತ ಜನರಲ್ ಎಂಬುದನ್ನು ಯಾರೂ ಲೆಕ್ಕಕ್ಕೇ ಇಡಲಿಲ್ಲ.

"ಲೇ, ಮುಂದ್ಗಡೆ ಫಿರಂಗಿ ಇಟ್ಟು ನಾಟಕ ಕಟ್ತಾವ್ನೆ. ಹಿಂದ್ಗಡೆ ಕಿಂಡಿ ಐತೇನೋ ನೋಡ್ಕಳ್ರಪ್ಪ" ಎಂದು ಆಟೋ ಓಡಿಸುವವರೊಬ್ಬರು ಪರದೆಗೆ ಬುದ್ಧಿ ಹೇಳಿದರು.

"ಕಾವಲಿನವ್ನು ಊಟಕ್ಕೆ ಮನೆಗೆ ಹೋಗ್ಬಾರ್ದು. ಡಬ್ಬಿ ಅಲ್ಲಿಗೇ ತರಿಸ್ಕಬೇಕು" ಎಂದು ಅವರ ಪಕ್ಕದ ಹೆಂಗಸು ಹೇಳಿದರು. ನಾನು ಬೇಡವೆಂದಿದ್ದ ಊಟ ಹೀಗೆ ಮತ್ತೆ ಬಂತು.

ಜನರಲ್‌ನ ಸೈನ್ಯ ಬಾಗಿಲು ಒಡೆದು ಒಳಗೆ ನುಗ್ಗಿದಾಗ ಕೆಲವರು ಎದ್ದು ಮನೆಗೆ ಹೋದರು. ಉಳಿದವರು ಬರೆದದ್ದನ್ನು ನಾನು ಗಾಡಿಯಲ್ಲಿ ಗಟ್ಟಿಯಾಗಿ ಓದುತ್ತಾ ಹೋದೆ. ನಮ್ಮ ಗಾಡಿಯ ಡ್ರೈವರಣ್ಣ ಸ್ಟೀರಿಂಗ್ ಹಿಡಿದುಕೊಂಡೇ ಕೇಳಿಸಿಕೊಂಡರು. ಒಬ್ಬರದು, "ಕೋಟೆ ಬಿಟ್ಟುಕೊಟ್ಟದ್ದು ಖಂಡನೀಯ." ಇನ್ನೊಬ್ಬರದು, "ಜನರಲ್‌ನನ್ನು ಹೊಗಳಿ ಸಿನಿಮಾ ತೆಗೆದವರು ಒಮ್ಮೆ ನಮ್ಮ ಊರಿಗೆ ಬಂದು ಬೆಟ್ಟ ಹತ್ತಲಿ." ಡಬ್ಬಿ ತರಿಸಿಕೊಳ್ಳಬೇಕು ಎಂದಿದ್ದ ಹೆಂಗಸಿನದು ಕೊನೆಯಲ್ಲಿತ್ತು.

"ಆ ಕೋಟೆಯೊಳಗೆ ಒಬ್ಬಳೇ ಒಬ್ಬ ಹೆಂಗಸು ಇದ್ದಿದ್ದರೂ ಈ ಸಿನಿಮಾ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು."

ಹೊಸದುರ್ಗ: ವಿಷಯ, ಹಳ್ಳದ ಸೇತುವೆ

ಬಿಳಿ ಹಾಳೆ ಕೊಟ್ಟರೆ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂದು ನನಗನ್ನಿಸಿತು. ಹೊಸದುರ್ಗಕ್ಕೆ ಹೋಗುವಾಗ ಹಾಳೆಯ ನೆತ್ತಿಯ ಮೇಲೆ ನಮ್ಮ ಕಚೇರಿಯ ಹೆಸರು ಅಚ್ಚು ಹಾಕಿಸಿದೆ. ರಾತ್ರಿ ನಿದ್ದೆಯಿಲ್ಲದೆ ಹೊಳೆದ ಉಪಾಯ ಅದು, ಅದರ ಫಲವೂ ನಿದ್ದೆಗೆಟ್ಟವರ ಉಪಾಯದಂತೆಯೇ ಆಯಿತು.

ಅಲ್ಲಿಯ ಜನ ಬಹಳ ಗಂಭೀರವಾಗಿ ನೋಡಿದರು. ಜನರಲ್ ಒಂದೇ ದಿನದಲ್ಲಿ ಸೇತುವೆ ಕಟ್ಟಿಸಿ ಸಂಜೆಗೆ ಸೈನ್ಯ ದಾಟಿಸಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು. ಡ್ರೈವರಣ್ಣ ಹತ್ತಿರ ಬಂದು, "ಇನ್ನು ಫಿಕರ್ ಬಿಡ್ರಿ ಅಕ್ಕಾರೆ, ಕೆಲ್ಸ ಗಟ್ಟಿ ಆತು" ಎಂದರು.

ಮುಗಿದ ಮೇಲೆ ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು. ಒಬ್ಬ ಹಿರಿಯರು ಬಂದು, "ಎಷ್ಟು ಪ್ರತಿ ಕೊಡ್ಬೇಕ್ರಿ? ಆಧಾರ್ ಜೆರಾಕ್ಸ್ ಹಚ್ಬೇಕಾ?" ಎಂದು ಕೇಳಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಇನ್ನೊಬ್ಬರು ಹಾಳೆ ಕೊಟ್ಟು ಸ್ವೀಕೃತಿಯ ಸೀಲು ಕೇಳಿದರು.

ಹಿರಿಯರ ಹಾಳೆ ತೆಗೆದು ನೋಡಿದೆ. "ಮಾನ್ಯರೇ, ವಿಷಯ: ಹಳ್ಳದ ಸೇತುವೆ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸಿನಿಮಾ ಚೆನ್ನಾಗಿದೆ. ಸದರಿ ಜನರಲ್ ಅವರು ಅಷ್ಟು ದೊಡ್ಡ ಹೊಳೆಗೆ ಒಂದೇ ದಿನದಲ್ಲಿ ಸೇತುವೆ ಕಟ್ಟಿಸಿರುತ್ತಾರೆ. ನಮ್ಮೂರಿನ ಹಳ್ಳ ಹತ್ತು ಹೆಜ್ಜೆ ಅಗಲವಿದ್ದು, ಅದರ ಸೇತುವೆಯ ಕಂಬಗಳು ಮಾತ್ರ ಎದ್ದು ವರ್ಷಗಳಾಗಿರುತ್ತವೆ. ಆದಕಾರಣ ಸದರಿ ಜನರಲ್ ಅವರನ್ನು ನಮ್ಮ ತಾಲೂಕಿಗೆ ವರ್ಗ ಮಾಡಿಸಿಕೊಡಬೇಕಾಗಿ ಕೋರಿಕೆ." ಕೆಳಗೆ ಇಡೀ ಓಣಿಯ ಸಹಿಗಳಿದ್ದವು. ಉಳಿದ ಹಾಳೆಗಳಲ್ಲಿ ಬೀದಿದೀಪ, ಚರಂಡಿ, ಬಸ್ಸು ಎಲ್ಲವೂ ಇದ್ದವು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಅಜ್ಜಾರೆ, ಆ ಜನರಲ್ ಕೊನೆಗೆ ಸತ್ತುಹೋದರಲ್ಲ, ನೀವೇ ನೋಡಿದಿರಲ್ಲ" ಎಂದೆ.

ಅಜ್ಜ ಒಂದು ಕ್ಷಣವೂ ತಡೆಯಲಿಲ್ಲ. "ನೋಡ್ದೆ ತಾಯಿ. ಅವರ ಜಾಗಕ್ಕೆ ಯಾರು ಬಂದಾರೋ ಅವರ್ನ ಕಳಿಸ್ರಿ" ಎಂದರು.

ಹಿರಿಯೂರು: ಹಾರ ಹಾಕಿದ ಫೋಟೋ

ಮೂರೂ ಊರಿನ ಹಾಳೆಗಳನ್ನು ನೋಡಿ ಮೇಡಂ ತಲೆ ಹಿಡಿದುಕೊಂಡರು. "ಹಿರಿಯೂರಿಗೆ ಸಾಹೇಬರೇ ಬರ್ತಾರಂತೆ. ಬಿಡಿ ಹಾಳೆ ಯಾರಿಗೂ ಕೊಡಬೇಡಿ. ಬಾಗಿಲ ಹತ್ತಿರ ಮೇಜು ಹಾಕಿ, ಜನರಲ್‌ನ ದೊಡ್ಡ ಫೋಟೋ ಫ್ರೇಮ್ ಹಾಕಿಸಿ ಇಡಿ, ಮುಂದೆ ಒಂದು ಬೈಂಡ್ ಪುಸ್ತಕ ಇಡಿ. ಇದು ಕೊನೇ ಅವಕಾಶ" ಎಂದರು.

ಅದರಂತೆ ಮಾಡಿದೆ. ಮೇಜು, ಬಿಳಿ ಬಟ್ಟೆ, ಸಮವಸ್ತ್ರದಲ್ಲಿ ಮೀಸೆ ಬಿಟ್ಟ ಜನರಲ್‌ನ ಫೋಟೋ, ಪುಸ್ತಕ, ಪೆನ್ನು. ಒಳಗೆ ಹೋಗಿ ಧ್ವನಿ ಸರಿಯಿದೆಯೇ ಎಂದು ನೋಡಿ ಬರುವಷ್ಟರಲ್ಲಿ ಫೋಟೋಕ್ಕೆ ಸೇವಂತಿಗೆ ಹಾರ ಬಿದ್ದಿತ್ತು, ಎದುರಿಗೆ ಊದುಬತ್ತಿ ಹೊಗೆಯಾಡುತ್ತಿತ್ತು.

ಸಭಾಂಗಣ ನೋಡಿಕೊಳ್ಳುವವರು ಪಕ್ಕದಲ್ಲೇ ನಿಂತಿದ್ದರು. "ಫೋಟೋ ಬರಿದಾಗಿತ್ತು ಅಕ್ಕಾರೆ, ನೋಡಕ್ಕೆ ಒಂಥರಾ ಆತು. ಅದ್ಕೆ ನಾನೇ ತಂದು ಹಾಕ್ದೆ" ಎಂದರು.

ತೆಗೆಯಲು ಕೈ ಚಾಚಿದೆ, ಅಷ್ಟರಲ್ಲಿ ಸಾಹೇಬರ ಕಾರು ಬಂತು. ದಪ್ಪ ಕನ್ನಡಕದ ಸಾಹೇಬರು ಫೋಟೋವನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಮೂರು ದಿನದಿಂದ ನಿದ್ದೆಯಿಲ್ಲದೆ ಕಣ್ಣು ಊದಿತ್ತು. ಬೆವರಿಗೆ ಹಣೆಯ ಬಿಂದಿ ಎಲ್ಲೋ ಉದುರಿಹೋಗಿತ್ತು. ಸೆರಗು ಹೊದ್ದು ಮೇಜಿನ ಪಕ್ಕ ಕೈಮುಗಿದು ನಿಂತೆ.

ಎದುರಿನ ನಿಲ್ದಾಣದಲ್ಲಿ ಹರಿಯಬ್ಬೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಗುಂಪೊಂದು ಹಾರ ಹಾಕಿದ ಫೋಟೋವನ್ನು ಕಂಡು ಈಚೆಗೆ ಬಂತು. ಎಲ್ಲರೂ ಚಪ್ಪಲಿ ಬಿಟ್ಟರು, ಫೋಟೋಕ್ಕೆ ಕೈಮುಗಿದರು. ಅವರಲ್ಲಿ ಹಿರಿಯಾಕೆ ನನ್ನ ಎರಡೂ ಕೈ ಹಿಡಿದುಕೊಂಡು, "ಧೈರ್ಯ ತಗಳವ್ವ" ಎಂದರು.

ನನ್ನ ಕೆಲಸದ ವಿಷಯ ಇವರಿಗೂ ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. "ಹೆಂಗೆ ತಗಳ್ಲಿ ಅಮ್ಮಾ? ಒಂಬತ್ತು ವರ್ಷ ಆಗಿತ್ತು. ಮುಂದಿನ ತಿಂಗಳಿಂದ ನನ್ನ ಗತಿ ಏನು ಅಂತ ನೆನೆಸ್ಕೊಂಡ್ರೆ ಊಟ ಸೇರಲ್ಲ" ಎಂದೆ.

"ಒಂಬತ್ತೇ ವರ್ಷನಾ?" ಎಂದು ಅವರು ಕಣ್ಣಿಗೆ ಸೆರಗು ಹಚ್ಚಿದರು. ನಾನೂ ಅತ್ತುಬಿಟ್ಟೆ. ಅಷ್ಟು ದಿನದಲ್ಲಿ ನನ್ನನ್ನು ಹೀಗೆ ಕೈಹಿಡಿದು ಮಾತಾಡಿಸಿದವರು ಬೇರೆ ಯಾರೂ ಇರಲಿಲ್ಲ.

ಈಗೀಗ ತೀರಿಕೊಂಡವರ ಹನ್ನೊಂದನೇ ದಿನಕ್ಕೆ ಅವರ ವಿಡಿಯೋ ಹಾಕುವುದು ನಮ್ಮ ಕಡೆಯೂ ಬಂದಿದೆ. ಹೆಂಗಸರು ಇದೂ ಹಾಗೇ ಎಂದುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಹಾರ ನೋಡಿ ಬಂದು, ಪುಸ್ತಕದಲ್ಲಿ ಬರೆದು ಒಳಗೆ ಹೋದವರು ಇನ್ನೂ ಅನೇಕರಿದ್ದರು. ಇಂಥ ಕಡೆಯಿಂದ ನಡುವೆ ಎದ್ದು ಹೋಗುವುದು ಚೆನ್ನಾಗಿರುವುದಿಲ್ಲವಲ್ಲ, ಹಾಗಾಗಿ ಮೂರು ಗಂಟೆ ಒಬ್ಬರೂ ಏಳಲಿಲ್ಲ, ಒಂದು ಫೋನೂ ಹೊಡೆದುಕೊಳ್ಳಲಿಲ್ಲ. "ಕುದ್ರೆ ಮ್ಯಾಲೆ ಎಷ್ಟು ಚೆಂದ ಕುಂತಿದ್ರು" ಎಂದು ಯಾರೋ ಪಿಸುಗುಟ್ಟಿದರು. ಅಷ್ಟು ಹೊತ್ತಿಗೆ ನನಗೆ ಎಲ್ಲ ಅರ್ಥವಾಗಿತ್ತು, ಆದರೆ ಎದ್ದು ನಿಂತು ಹೇಳುವ ಧೈರ್ಯ ಬರಲಿಲ್ಲ. ಜನರಲ್ ಡೇರೆಯಲ್ಲಿ ಕಣ್ಣು ಮುಚ್ಚಿದಾಗ ಮುಂದಿನ ಸಾಲು ಬಿಕ್ಕಿ ಬಿಕ್ಕಿ ಅತ್ತು, ಹಿಂದಿರುಗಿ ನನ್ನನ್ನು ನೋಡಿತು. ಸಾಹೇಬರೂ ನೋಡಿದರು.

ಹೊರಗೆ ಬಂದ ಸಾಹೇಬರು ನೇರವಾಗಿ ಪುಸ್ತಕ ತೆರೆದರು. ನಾನು ಅವರ ಭುಜದ ಹಿಂದಿನಿಂದ ಓದಿದೆ. "ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ." "ದುಃಖ ಭರಿಸುವ ಶಕ್ತಿಯನ್ನು ದೇವರು ಕುಟುಂಬಕ್ಕೆ ಕೊಡಲಿ." "ಬಹಳ ಸರಳ ಜೀವಿ. ಊರಿಗೆ ಬಂದಾಗಲೆಲ್ಲ ನಮ್ಮನ್ನು ಮಾತಾಡಿಸದೆ ಹೋಗುತ್ತಿರಲಿಲ್ಲ." ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಹಿರಿಯಾಕೆ ನನ್ನ ಮುಖ ನೋಡಿ, "ಯಾರವ್ವ ಇವ್ರು?" ಎಂದರು.

"ನನ್ನ ಕೆಲಸ ಇರೋದು ಇವರ ಕೈಯಲ್ಲೇ" ಎಂದೆ. ಬಾಯಿ ತಪ್ಪಿ ಬಂದ ಮಾತು, ಆದರೆ ಸತ್ಯ.

ಅಷ್ಟು ಸಾಕಾಯಿತು. ಹೆಂಗಸರೆಲ್ಲ ಸಾಹೇಬರ ಸುತ್ತ ನೆರೆದರು. "ನೋಡ್ರಿ ಸಾಹೇಬ್ರೆ, ಯಜಮಾನ್ರು ದೇಶಕ್ಕೋಸ್ಕರ ಹೋದ್ರು. ಈ ಹೆಣ್ಮಗಳಿಗೆ ಅನುಕಂಪದ ಮೇಲೆ ಕೆಲ್ಸ ಕೊಡದು ನಿಮ್ಮ ಧರ್ಮ. ಕೊಡಾತನಕ ನಾವು ಏಳಲ್ಲ" ಎಂದು ಹಿರಿಯಾಕೆ ಬಾಗಿಲಿಗೆ ಅಡ್ಡವಾಗಿ ಕೂತರು. ಉಳಿದವರೂ ಕೂತರು.

"ಅವರು ಜ್ವರದಿಂದ ಅಲ್ವಾ ತೀರ್ಕೊಂಡಿದ್ದು" ಎಂದರು ಸಾಹೇಬರು.

"ಡ್ಯೂಟಿ ಮ್ಯಾಲಿದ್ದಾಗ್ಲೇ ಅಲ್ಲೇನ್ರಿ ಜ್ವರ ಬಂದಿದ್ದು?" ಎಂದು ಇನ್ನೊಬ್ಬಾಕೆ ಕೇಳಿದರು.

ನಿಜ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. "ಸುಮ್ಕಿರ್ರಿ ಅಕ್ಕಾರೆ, ಕೆಲ್ಸ ಆಗ್ತಾ ಐತೆ" ಎಂದು ಡ್ರೈವರಣ್ಣ ಹಿಂದಿನಿಂದ ಪಿಸುಗುಟ್ಟಿದರು.

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. "ಇದೇ ಸಿನಿಮಾ ಬೆಂಗಳೂರಲ್ಲಿ ಹಾಕಿದ್ದೆ ಕಣಮ್ಮ. ಮಧ್ಯಂತರಕ್ಕೆ ಕಾಫಿ ಕುಡಿಯೋಕೆ ಹೋದೋರು ವಾಪಸ್ ಬರಲೇ ಇಲ್ಲ" ಎಂದು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿ, ಪುಸ್ತಕದ ಕೊನೆಯ ಪುಟದಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಹೆಂಗಸರು ಅವರಿಗೆ ದಾರಿ ಬಿಟ್ಟದ್ದು.

ಮುಂದಿನ ವಾರ ಗುತ್ತಿಗೆ ಮುಂದುವರಿಸಿದ ಆದೇಶ ಕೈಗೆ ಬಂತು. ಮೇಡಂ ಸಾಹೇಬರ ಮಾತನ್ನು ಒಂದಕ್ಷರ ಬಿಡದೆ ಅದರಲ್ಲಿ ಇಳಿಸಿದ್ದರು. ಮನೆಯಲ್ಲಿ ಯಜಮಾನರು ಅದನ್ನು ಓದಿದರು, ಇನ್ನೊಮ್ಮೆ ಓದಿದರು. "ಸಾರ್ವಜನಿಕರ ಒತ್ತಾಯದ ಮೇರೆಗೆ, ಅನುಕಂಪದ ಆಧಾರದ ಮೇಲೆ ಅಂತ ಐತಲ್ಲೇ. ಅನುಕಂಪದ ಮೇಲೆ ಕೊಡೋದು ಮನೇಲಿ ಯಾರಾದ್ರೂ ಹೋದ್ರೆ ಅಲ್ವಾ? ಯಾರು ಹೋಗಿದ್ದು?" ಎಂದರು.

"ನೀವೇ" ಎಂದೆ. "ಹರಿಯಬ್ಬೆ ಕಡೆ ಮಾತ್ರ ಮುಖ ತೋರಿಸ್ಬ್ಯಾಡ್ರಿ."